ಕಿಟಕಿಯಲ್ಲಿಟ್ಟ ಬೂಟುಗಳು

ಹೋಲ್ಮ್ ಕಣಿವೆ, ವಿಸ್ಕಾನ್ಸಿನ್
ನವೆಂಬರ್ 30, 2019
ಶನಿವಾರ, ಮಧ್ಯಾಹ್ನ

ಪ್ರೀತಿಯ ಪಾಕೂ,

ಮೊದಲು ಬೈದು ಮುಗಿಸು, ಆಮೇಲೆ ಓದು. ಏಳು ವಾರದಲ್ಲಿ ನಿನ್ನಿಂದ ಮೂರು ಕಾಗದ ಬಂದಿವೆ, ಒಂದು ಪಾರ್ಸೆಲ್ ಬಂದಿದೆ, ಫೋನಿಗೆ ಬಂದ ಸಂದೇಶಗಳಿಗಂತೂ ಲೆಕ್ಕವಿಲ್ಲ. ನನ್ನಿಂದ ಒಂದು ಅಕ್ಷರವೂ ಹೋಗಲಿಲ್ಲ. ನಿನ್ನ ಅಮ್ಮ ಹೊಲಿದು ಕಳಿಸಿದ ಕೆಂಪು ಕುಚ್ಚಿನ ಟೋಪಿ ಮಗುವಿನ ತಲೆಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿದೆ. ಅವರಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಗ ಟೌ ಶಾಲೆಯ ಬಾಗಿಲಲ್ಲಿ ಅಳುವುದು ನಿಂತಿತೇ? ನಿನ್ನ ಸೊಂಟನೋವು ಹೇಗಿದೆ?

ಫೋನ್ ಮಾಡಬಹುದಿತ್ತು, ನಿಜ. ಆದರೆ ನನ್ನ ದನಿ ಕೇಳಿದರೆ ನೀನು ಎರಡನೇ ಮಾತಿಗೇ "ಏನಾಯ್ತೇ?" ಅನ್ನುತ್ತೀಯ. ಕಾಗದಕ್ಕೆ ದನಿಯಿಲ್ಲ. ಅದೇ ಅದರ ಸುಖ.

ನಿದ್ದೆಯ ಮಾತು ಕೇಳಬೇಡ. ಬಂದರೂ ಅದು ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡಿದ ಹಾಗೆ ಇರುತ್ತದೆ. ಸದ್ದು ಕೇಳುತ್ತದೆ, ಅರ್ಥವಾಗುವುದಿಲ್ಲ. ಹಗಲಿಗೂ ರಾತ್ರಿಗೂ ನಡುವಿದ್ದ ಗೋಡೆ ಬಿದ್ದುಹೋಗಿದೆ. ಈಗ ಎರಡು ಗಂಟೆ, ಹೊರಗೆ ಹಿಮ ಬೀಳುತ್ತಿದೆ, ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿದೆ, ಮಗು ತೊಟ್ಟಿಲಲ್ಲಿ ಮಲಗಿದೆ. ನಾಲ್ಕು ಸಾಲು ಬರೆದು ಎದ್ದು ಹೋಗುತ್ತೇನೆ, ಅದರ ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಬಂದು ಇನ್ನು ನಾಲ್ಕು ಸಾಲು ಬರೆಯುತ್ತೇನೆ. ಡ್ಯಾನಿಯಲ್ ನಗುತ್ತಾನೆ. "ಉಸಿರಾಡೋದು ಮಗುವಿನ ಕೆಲಸ ಕಣೇ. ಅದೊಂದನ್ನಾದ್ರೂ ಅದಕ್ಕೆ ಬಿಡು." ಸೋಪು ಹಾಕಿ ತೊಳೆದೂ ತೊಳೆದೂ ನನ್ನ ಕೈ ಬಿರುಕು ಬಿಟ್ಟಿದೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ ಅಂದುಕೋ.

ಡಿಸೆಂಬರ್ ಎಂಟು, ಭಾನುವಾರ, ಚರ್ಚಿನಲ್ಲಿ ಮಗುವಿನ ದೀಕ್ಷಾಸ್ನಾನ. ನೀನು ಬರಲೇಬೇಕು. ಅದಕ್ಕೆ ಮುಂಚೆ ಒಂದು ವಿಷಯ ಯಾರಿಗಾದರೂ ಹೇಳದಿದ್ದರೆ ನನ್ನ ತಲೆ ಒಡೆದುಹೋಗುತ್ತದೆ. ಕೇಳು. ನಾವು ನಾರ್ವೆಯವರಲ್ಲವಂತೆ.

ನಗುತ್ತಿದ್ದೀಯ, ಗೊತ್ತು. ಹಾಸ್ಟೆಲ್ ಕೋಣೆಯ ಗೋಡೆಗೆ ನಾನು ನಾರ್ವೆಯ ಧ್ವಜ ಅಂಟಿಸಿದ ದಿನವೂ ನೀನು ನಕ್ಕಿದ್ದೆ. ಮಂಚದ ಮೇಲೆ ಕಾಲು ಮಡಚಿ ಕೂತು ವಕೀಲರ ಹಾಗೆ ಕೇಳಿದ್ದೆ.

"ಅಲ್ಲಿಗೆ ಯಾವತ್ತಾದ್ರೂ ಹೋಗಿದೀಯಾ?"

"ಇಲ್ಲ."

"ಭಾಷೆ ಬರುತ್ತಾ?"

"ಊಟಕ್ಕೆ ಮುಂಚೆ ಹೇಳೋ ಪ್ರಾರ್ಥನೆ ಬರುತ್ತೆ."

"ಮತ್ತೆ ಏನಕ್ಕೆ ಈ ಬಾವುಟ?"

"ಏನಕ್ಕೆ ಅಂದ್ರೆ? ನಾವು ನಾರ್ವೆಯವರು."

ಆಗ ನೀನು ಹೇಳಿದ್ದನ್ನು ನಾನು ಮರೆತಿಲ್ಲ. "ನಿಂಗೆ ಅದು ಬೀರುವಿನಲ್ಲಿರೋ ಅಂಗಿ ಕಣೇ ಮಾರಿಟ್. ಹಬ್ಬಕ್ಕೆ ತೆಗೀತೀಯ, ಮಡಚಿ ಇಡ್ತೀಯ. ನಂಗೆ ಅದು ಚರ್ಮ. ಬಸ್ಸಲ್ಲಿ ಸುಮ್ನೆ ಕೂತಿದ್ರೂ ಕೇಳ್ತಾರೆ, ಎಲ್ಲಿಯೋಳು ನೀನು ಅಂತ. ಇಲ್ಲೇ, ಸೇಂಟ್ ಪಾಲ್ ಊರೋಳು ಅಂದ್ರೆ, ಅಲ್ಲಮ್ಮಾ, ನಿಜವಾಗಿ ಎಲ್ಲಿಯೋಳು ಅಂತಾರೆ."

ನನ್ನನ್ನು ಯಾರೂ ಯಾವತ್ತೂ ಹಾಗೆ ಕೇಳಲಿಲ್ಲ. ಬಹುಶಃ ಅದಕ್ಕೇ ನಾನು ಕೇಳದವರಿಗೂ ಹೇಳಿಕೊಂಡು ತಿರುಗಿದೆ.

ಈ ಕಣಿವೆಯಲ್ಲಿ ಎಲ್ಲರೂ ಹಾಗೇ. ಅಂಗಡಿಯ ಸಾಲಿನಲ್ಲಿ ನಿಂತವರು ಹವಾಮಾನದ ಮಾತಿನ ಹಾಗೆ, ಅಮ್ಮನ ಕಡೆಯಿಂದ ಜೆಕ್, ಅಪ್ಪನ ಕಡೆಯಿಂದ ನಾರ್ವೆ ಅನ್ನುತ್ತಾರೆ. ಯಾರು ನೀವು ಅಂದರೆ ಇರುವ ಊರು ಹೇಳುವುದಿಲ್ಲ, ಮುತ್ತಜ್ಜ ಬಿಟ್ಟು ಬಂದ ಊರು ಹೇಳುತ್ತಾರೆ. ಡ್ಯಾನಿಯಲ್ ನಾಲ್ಕಾಣೆ ಐರಿಷ್, ನಾಲ್ಕಾಣೆ ಪೋಲಿಷ್. ಉಳಿದ ಎಂಟಾಣೆಯ ವಿಷಯ ಅವನ ಅಮ್ಮನಿಗೂ ತಿಳಿಯದು. ಮಾರ್ಚ್ ತಿಂಗಳಲ್ಲಿ ಐರಿಷರ ಹಬ್ಬದ ದಿನ ಹಸಿರು ಅಂಗಿ ತೊಟ್ಟು ಹೋಗಿ ಆ ಐರಿಷ್ ನಾಲ್ಕಾಣೆಯನ್ನು ಪೂರ್ತಿ ಖರ್ಚು ಮಾಡಿಕೊಂಡು ಬರುತ್ತಾನೆ. ನಾವು ಲೂಂಡೆ ಮನೆಯವರು ಮಾತ್ರ ಹದಿನಾರಾಣೆ. ಅದರ ಮೇಲೆ ನನಗೆ ಎಷ್ಟು ಹೆಮ್ಮೆಯಿತ್ತು ಅಂತ ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ತೋರಾ ಅಜ್ಜಿ ನಿನಗೆ ನೆನಪಿರಬೇಕು. ನನ್ನ ತಾತನ ತಂಗಿ. ನನ್ನ ಮದುವೆಯಲ್ಲಿ ನಿನ್ನ ತಟ್ಟೆಗೆ ನಾರ್ವೆಯವರ ಆ ಲೋಳೆ ಮೀನನ್ನು ಎರಡು ಸಲ ಬಡಿಸಿದವರು. ನೀನು ಮುಖ ಹಿಂಡಿದಾಗ, "ಇಷ್ಟ ಆಗಲ್ಲ ಅಂತ ಗೊತ್ತು. ಇಷ್ಟ ಆಗ್ಲಿ ಅಂತಲ್ಲ ಇದನ್ನ ತಿನ್ನೋದು" ಅಂದವರು. ಅವರಿಗೀಗ ತೊಂಬತ್ತೆರಡು. ಅಮ್ಮ ಹೋದ ಮೇಲೆ ನನಗಿರುವ ಹಿರಿಯರೆಂದರೆ ಅವರೊಬ್ಬರೇ. ಮಗು ಹುಟ್ಟಿದ ನಾಲ್ಕನೇ ದಿನ ಊರುಗೋಲು ಊರಿಕೊಂಡು ಬಂದು, ಅದರ ಹೊದಿಕೆಗೆ ನಮ್ಮ ಮನೆತನದ ಬೆಳ್ಳಿ ಪದಕ ಚುಚ್ಚಿ ಹೋದರು. ದೀಕ್ಷಾಸ್ನಾನ ಆಗುವವರೆಗೆ ಮಗುವಿನ ಮೈಮೇಲೆ ಬೆಳ್ಳಿ ಇರಬೇಕು, ಇಲ್ಲದಿದ್ದರೆ ನೆಲದೊಳಗಿನ ಜನ ಕಣ್ಣು ಹಾಕುತ್ತಾರೆ ಅನ್ನುವುದು ಹಳಬರ ನಂಬಿಕೆ. ನಾನು ಇತಿಹಾಸದಲ್ಲಿ ಪದವಿ ಪಡೆದವಳು. ಆದರೂ ಸ್ನಾನ ಮಾಡಿಸುವಾಗ ಬಿಚ್ಚಿದ್ದನ್ನು ಮೈ ಒರೆಸುವ ಮುಂಚೆಯೇ ಚುಚ್ಚುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ.

ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಮಂಗಳವಾರ ಲೆಫ್ಸ ಮಾಡುತ್ತಾರೆ, ಕ್ರಿಸ್‌ಮಸ್ ಮಾರಾಟಕ್ಕೆ. ಬೇಯಿಸಿದ ಆಲೂಗಡ್ಡೆಗೆ ಬೆಣ್ಣೆ, ಕೆನೆ, ಮೈದಾ ಹಾಕಿ ನಾದಿ, ಹಿಂದಿರುವ ಕೈ ಕಾಣಿಸುವಷ್ಟು ತೆಳ್ಳಗೆ ಲಟ್ಟಿಸಿ, ಉದ್ದನೆಯ ಕೋಲಿನಿಂದ ಎತ್ತಿ ಹೆಂಚಿನ ಮೇಲೆ ಹಾಸುವ ರೊಟ್ಟಿ. ಮನೆಯಲ್ಲಿ ಒಬ್ಬಳೇ ಕೂತರೆ ನನಗೆ ಗೋಡೆಗಳು ಹತ್ತಿರ ಬಂದಂತಾಗುತ್ತವೆ. ಅದಕ್ಕೆ ಹತ್ತೊಂಬತ್ತನೇ ತಾರೀಕು ಮಗುವನ್ನು ಬುಟ್ಟಿಯಲ್ಲಿ ಮಲಗಿಸಿಕೊಂಡು ನಾನೂ ಹೋದೆ. ಅಲ್ಲಿ ಎಷ್ಟು ಹಬೆಯೆಂದರೆ ಹೆಂಗಸರೆಲ್ಲ ಮೋಡದೊಳಗೆ ಕೆಲಸ ಮಾಡುತ್ತಿರುವ ಹಾಗೆ ಕಾಣುತ್ತಾರೆ. ಒಂದು ಕೈ ಕಾಣುತ್ತದೆ, ಒಂದು ನಗು ಕೇಳುತ್ತದೆ, ಹಿಟ್ಟು ನಿಧಾನವಾಗಿ ಇಳಿಯುತ್ತದೆ. ತೋರಾ ಅಜ್ಜಿ ಆ ದಿನ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಅವರಿದ್ದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲವೋ ಏನೋ.

"ಐದನೇ ತಾರೀಕು ಸಂಜೆ ಕಿಟಕೀಲಿ ಮಗುವಿನ ಬೂಟೂ ಇಡ್ಬೇಕು, ಮೊದಲನೇ ವರ್ಷ ಅಲ್ವಾ" ಅಂದೆ ಸುಮ್ಮನೆ.

"ಏನು ಬೂಟು?" ಅಂದರು ಆರ್ಡಿಸ್. ಎಂಬತ್ತೆಂಟು ವರ್ಷದ ಆರ್ಡಿಸ್, ಅಜ್ಜಿಯ ಆಪ್ತೆ, ಅಷ್ಟೇ ಪೈಪೋಟಿಯವರು ಕೂಡ.

"ಅದೇ, ಡಿಸೆಂಬರ್ ಐದಕ್ಕೆ ಪರದೆ ಎಳೆದು ಕಿಟಕೀಲಿ ಬೂಟು ಇಡೋದು. ಬೆಳಗ್ಗೆ ಅದರಲ್ಲಿ ಕಿತ್ತಳೆ, ಅಕ್ರೋಟು ಇರುತ್ತಲ್ಲ."

ಲಟ್ಟಣಿಗೆಗಳು ನಿಂತವು. ಇವರ ಮನೆಯಲ್ಲಿ ಇಲ್ಲ, ಅವರ ಮನೆಯಲ್ಲಿ ಇಲ್ಲ. ಕಣಿವೆಯಲ್ಲಿ ಯಾರ ಮನೆಯಲ್ಲೂ ಇಲ್ಲ. ನಾನು ಮೂವತ್ತೊಂದು ವರ್ಷ ಇದನ್ನು ನಾರ್ವೆಯವರ ಪದ್ಧತಿ ಅಂದುಕೊಂಡು ಮಾಡಿದ್ದೆ. ಯಾರನ್ನೂ ಕೇಳಿರಲಿಲ್ಲ, ಯಾಕೆಂದರೆ ಪರದೆ ಎಳೆದು ಮಾಡುವ ಕೆಲಸ ಬೇರೆಯವರ ಮನೆಯಲ್ಲಿ ನಡೆದರೂ ನಮಗೆ ಕಾಣುವುದಿಲ್ಲವಲ್ಲ.

"ನಿಮ್ಮ ತೋರಾಗೆ ಮೊದಲಿಂದಲೂ ತನ್ನದೇ ಒಂದು ದಾರಿ" ಅಂದು ಆರ್ಡಿಸ್ ಮತ್ತೆ ಲಟ್ಟಿಸಲು ಶುರುಮಾಡಿದರು. ಆದರೆ ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಸೆಲ್ಮರ್ ಮೇಷ್ಟ್ರು ಬಟ್ಟಲು ಕೆಳಗಿಟ್ಟರು. ಅವರು ಚರ್ಚಿನಲ್ಲಿ ದೀಕ್ಷೆಯಾಗುವ ಪ್ರತಿ ಮಗುವಿಗೂ ವಂಶವೃಕ್ಷ ಬರೆದುಕೊಡುತ್ತಾರೆ, ಕಂದು ಶಾಯಿಯಲ್ಲಿ, ಎಲೆ ಎಲೆಗೂ ಹೆಸರು. ಮುತ್ತಜ್ಜ ಯಾವ ಹಡಗಿನಲ್ಲಿ ಬಂದ ಅನ್ನುವುದು ಬೇರಿನ ಹತ್ತಿರ ಇರಲೇಬೇಕು.

"ಪರದೆ ಯಾಕೆ ಎಳೀತೀರಮ್ಮ?" ಅಂತ ಮೆಲ್ಲಗೆ ಕೇಳಿದರು.

"ಗೊತ್ತಿಲ್ಲ" ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಮುಂದಿನ ಮಂಗಳವಾರ ಅವರು ನನ್ನನ್ನು ಕೋಟು ತೂಗುಹಾಕುವ ಕೋಣೆಗೆ ಕರೆದರು. ಕೈಯಲ್ಲಿ ಟೋಪಿ ಹಿಡಿದುಕೊಂಡು ನೆಲ ನೋಡುತ್ತಾ ನಿಂತಿದ್ದರು, ತಪ್ಪು ಮಾಡಿದವರು ಅವರೇ ಅನ್ನುವ ಹಾಗೆ.

"ನೋಡಮ್ಮ ಮಾರಿಟ್, ನಿಮ್ಮ ಲೂಂಡೆಗಳು ಯಾವ ಹಡಗಲ್ಲೂ ಸಿಗ್ತಿರ್ಲಿಲ್ಲ. ಹೋದ್ವಾರ ನೀನು ಬೂಟು ಅಂದ್ಯಲ್ಲ, ಅದು ಜರ್ಮನ್ನರ ಪದ್ಧತಿ. ಅದಕ್ಕೆ ನಿಮ್ಮೋರು ಬಿಟ್ಟು ಬಂದ ಅಯೊವಾ ಕಡೆ ಜರ್ಮನ್ ಚರ್ಚುಗಳ ಹಳೇ ದಾಖಲೆ ಹುಡುಕಿಸ್ದೆ. ಹತ್ತೊಂಬತ್ತು ನೂರಾ ಹದಿನೆಂಟರಲ್ಲಿ ಓಟೊ, ಲೆನಾ ಅಂತ ಗಂಡ ಹೆಂಡ್ತಿ. ಫೆಬ್ರವರೀಲಿ ಹುಟ್ಟಿದ ಗಂಡುಮಗು. ಅದೇ ದಿನ, ಅದೇ ಮಗು. ಆದ್ರೆ ಅಲ್ಲಿ ಅವರು ಲೂಂಡೆ ಅಲ್ಲ. ಡ್ರೆಶರ್."

ಆ ಮಗು ನನ್ನ ತಾತ.

"ಯಾರಿಗಾದ್ರೂ ಹೇಳಿದೀರಾ?"

"ನನ್ನ ಹೆಂಡ್ತಿಗೂ ಹೇಳಿಲ್ಲ. ಹೇಳೋದು ಬಿಡೋದು ನಿನಗೆ ಸೇರಿದ್ದು. ಆದ್ರೆ ಗೊತ್ತಿದ್ದೂ ಸುಳ್ಳು ಬರೆಯೋಕೆ ನನ್ನ ಕೈ ಬರಲ್ಲಮ್ಮ. ನಾಕನೇ ತಾರೀಕಿನೊಳಗೆ ಹೇಳು. ಆಮೇಲೆ ಶಾಯಿ ಒಣಗಬೇಕಲ್ಲ." ಹೋಗುವಾಗ ತಿರುಗಿ, "ಮರದ ತುದೀಲಿ ಮಗುವಿನ ಹೆಸರು ಹೇಗೆ ಬರೀಲಿ? ಪೂರ್ತಿ ಹೆಸರು?" ಅಂದರು.

"ಡ್ಯಾನಿಯಲ್ ಹೇಳ್ತಾನೆ" ಅಂದೆ.

ಎರಡು ದಿನ ಯಾರಿಗೂ ಹೇಳಲಿಲ್ಲ. ನಿನ್ನೆ ತೋರಾ ಅಜ್ಜಿಯ ಮನೆಗೆ ಹೋದೆ. ಅವರು ದೀಕ್ಷೆಯ ಬಿಳಿ ನಿಲುವಂಗಿಗೆ ಇಸ್ತ್ರಿ ಮಾಡುತ್ತಿದ್ದರು. ನನ್ನ ಕಡೆ ನೋಡದೆಯೇ, "ನಿಂತೇ ಇರ್ತೀಯಾ, ಕೂತ್ಕೋತೀಯಾ? ಆ ಸೆಲ್ಮರ್ ಏನಂದ?" ಅಂದರು.

"ನಿಮಗೆ ಹೇಗೆ ಗೊತ್ತಜ್ಜಿ?"

"ಎರಡು ದಿನದಿಂದ ನನ್ನ ಕಂಡ್ರೆ ಟೋಪಿ ತೆಗೀತಾನೆ. ಅರವತ್ತು ವರ್ಷ ತೆಗೀದೇ ಇದ್ದೋನು."

ಅವರಿಗೆಲ್ಲ ಗೊತ್ತಿತ್ತು, ಪಾಕೂ. ಅವರಪ್ಪ ಸತ್ತ ವರ್ಷ ಅವರಮ್ಮ ಲೆನಾ ಹಿಟ್ಟು ನಾದುತ್ತಾ ಒಮ್ಮೆ ಹೇಳಿದರಂತೆ, ಮತ್ತೆಂದೂ ಆ ಮಾತು ಎತ್ತಲಿಲ್ಲವಂತೆ. ಇಸ್ತ್ರಿಪೆಟ್ಟಿಗೆ ಹೋಗಿ ಬರುತ್ತಿತ್ತು. ಅಜ್ಜಿ ಬೇರೆ ಯಾರದೋ ಕಥೆಯ ಹಾಗೆ ಹೇಳಿದರು.

ಮೊದಲನೇ ಮಹಾಯುದ್ಧದ ಕೊನೆಯ ವರ್ಷ. ಅಯೊವಾದಲ್ಲಿ ಜರ್ಮನ್ ಹೆಸರಿನವರನ್ನು ಜನ ಅನುಮಾನದಿಂದ ನೋಡುತ್ತಿದ್ದ ಕಾಲ. ಒಂದು ಬೆಳಗ್ಗೆ ಏಳುವಾಗ ಮನೆಯ ಬಾಗಿಲಿಗೆ ಯಾರೋ ಹಳದಿ ಬಣ್ಣ ಬಳಿದಿದ್ದರು. ದೇಶದ್ರೋಹಿಗಳ ಬಣ್ಣ. ಮುತ್ತಜ್ಜ ಓಟೊ ಅದನ್ನು ಕೆರೆದ, ಮಾರನೆಯ ದಿನ ಮತ್ತೆ ಬಳಿದರು. ಮೂರನೆಯ ದಿನ ಪೇಟೆಯ ನಡುವೆ ಅವನನ್ನು ಮಂಡಿಯೂರಿಸಿ ದೇಶದ ಧ್ವಜಕ್ಕೆ ಮುತ್ತಿಡಿಸಿದರು. ಮುತ್ತಿಟ್ಟನಂತೆ. ಅದು ಅವನ ಧ್ವಜವೇ ಆಗಿತ್ತು, ಅವನು ಹುಟ್ಟಿದ್ದೇ ಇಲ್ಲಿ. ಪಕ್ಕದ ಹೊಲದ ಗುನ್‌ಹಿಲ್ಡ್ ಲೂಂಡೆ ಅನ್ನುವ ನಾರ್ವೆಯ ವಿಧವೆ ಆ ಸಂಜೆ ಹಿತ್ತಲ ಬಾಗಿಲಿಂದ ಬಂದಳು. ವಿಸ್ಕಾನ್ಸಿನ್ನಿನ ಈ ಕಣಿವೆಯ ಪಾದ್ರಿಗೆ ಒಂದು ಕಾಗದ ಬರೆದುಕೊಟ್ಟಳು: ಇವರು ನನ್ನ ಮೈದುನನ ಮಗ ಮತ್ತು ಅವನ ಹೆಂಡತಿ. ಆಮೇಲೆ ತನ್ನ ರವಿಕೆಯಿಂದ ಬೆಳ್ಳಿ ಪದಕ ಬಿಚ್ಚಿ ಮಗುವಿನ ಹೊದಿಕೆಗೆ ಚುಚ್ಚಿದಳು. "ಬೆಳ್ಳಿ ಇಲ್ಲದ ನಾರ್ವೆ ಮಗುವನ್ನ ಅಲ್ಲಿ ಯಾರೂ ನಂಬಲ್ಲ" ಅಂದಳಂತೆ.

"ಅಮ್ಮ ಆಮೇಲೆ ಮಾತು ಕಡಿಮೆ ಮಾಡಿದ್ಲು" ಅಂದರು ಅಜ್ಜಿ. "ಇಂಗ್ಲಿಷಲ್ಲಿ ನಾಲಿಗೆ ಹೊರಳ್ತಿರ್ಲಿಲ್ಲ, ನಾರ್ವೆ ಮಾತು ಇನ್ನೂ ಕಲೀಬೇಕಿತ್ತು. ನಮ್ಮನ್ನ ಎತ್ಕೊಂಡ್ರೆ ತುಟಿ ಬಿಗಿ ಹಿಡೀತಿದ್ಲು. ಮಗು ಕೈಲಿದ್ದಾಗ ಹಳೇ ಮಾತು ತಾನಾಗೇ ಬಾಯಿಗೆ ಬರುತ್ತಲ್ಲ, ಅದಕ್ಕೆ. ಬರೀ ಹೂಂಗುಟ್ಟೋಳು. ನಮ್ಮಮ್ಮ ನಂಗೆ ಒಂದು ಜೋಗುಳ ಹಾಡಿಲ್ಲ ಕಣೇ. ವರ್ಷಕ್ಕೊಂದ್ಸಲ ಪರದೆ ಎಳೆದು ಬೂಟು ಇಡೋಳು. ಅದೊಂದನ್ನ ಬಿಡೋಕಾಗ್ಲಿಲ್ಲ ಅವಳಿಗೆ."

ಇಸ್ತ್ರಿಪೆಟ್ಟಿಗೆ ನಿಂತಿತು.

"ಹಾಗಾದ್ರೆ ನಾವು ಯಾರಜ್ಜಿ?"

"ನೀನು ಓದಿದೋಳು, ನೀನೇ ಹೇಳು. ಜರ್ಮನ್ನಳಾಗಿರೋದು ಹೇಗೆ ಅಂತ ನಂಗೆ ಗೊತ್ತಿಲ್ಲ. ಯಾರೂ ಕಲಿಸ್ಲಿಲ್ಲ. ನಾರ್ವೆಯೋಳಾಗಿರೋದನ್ನ ಕಷ್ಟಪಟ್ಟು ಕಲ್ತಿದೀನಿ. ಆ ದರಿದ್ರ ಮೀನನ್ನೂ ತಿಂದಿದೀನಿ."

"ಆದ್ರೆ ಯಾಕೆ ಬೇಕು ಇದೆಲ್ಲ? ಸುಮ್ನೆ ಈ ದೇಶದೋರು ಅಂದ್ರೆ ಸಾಲದಾ?"

ಅವರು ಕಿಟಕಿಯಾಚೆ ನೋಡಿದರು. ಹೊಲವೂ ಆಕಾಶವೂ ಒಂದೇ ಬಿಳುಪಾಗಿ, ಎಲ್ಲಿ ಏನು ಮುಗಿಯುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ. "ದೊಡ್ಡ ದೇಶ ಕಣೇ ಇದು. ಗಾಳಿ ಜಾಸ್ತಿ. ಏನಾದ್ರೂ ಹಿಡ್ಕೊಂಡಿರ್ಬೇಕು."

"ಹಿಡ್ಕೊಂಡಿರೋದು ಬೇರೆಯೋರ ಕಂಬ ಆದ್ರೆ?"

"ಬಿರುಗಾಳೀಲಿ ಕಂಬ ಯಾರದು ಅಂತ ಕೇಳ್ತಾರೇನೇ?"

ಆಮೇಲೆ ನಿಲುವಂಗಿ ಮಡಚುತ್ತಾ, ದನಿ ತಗ್ಗಿಸಿ, "ಹೇಳ್ಬೇಡ. ಆರ್ಡಿಸ್‌ಗಂತೂ ಹೇಳ್ಬೇಡ. ನಾನು ಹೋದ ಮೇಲೆ ಆ ಸೆಲ್ಮರ್ ಏನು ಬೇಕಾದ್ರೂ ಬರ್ಕೊಳ್ಳಲಿ" ಅಂದರು. ಮಡಚಿದ್ದನ್ನೇ ಬಿಚ್ಚಿ ಇನ್ನೊಮ್ಮೆ ಮಡಚಿದರು. ಅವರು ಹಾಗೆ ಮಾಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಹೇಳು, ನಾನೇನು ಮಾಡಲಿ? ಮಗುವಿನ ತಲೆಯ ಮೇಲೆ ಗೊತ್ತಿದ್ದೂ ಸುಳ್ಳಿನ ಮರ ನೆಡಲೇ? ಇಲ್ಲ, ತೊಂಬತ್ತೆರಡು ವರ್ಷದ ಜೀವವನ್ನು ಅವರು ಬದುಕಿಡೀ ಲಟ್ಟಿಸಿದ ಮೇಜಿನ ಮುಂದೆ ಪರಕೀಯಳನ್ನಾಗಿ ನಿಲ್ಲಿಸಲೇ? ನಿನಗೆ ಇದು ಹುಚ್ಚು ಅನ್ನಿಸಬಹುದು. ಒಂದು ಚಿತ್ರಪಟದ ಬುಡದಲ್ಲಿ ಯಾವ ಹೆಸರು ಅನ್ನುವುದಕ್ಕೆ ಇಷ್ಟು ಒದ್ದಾಟವೇ ಅಂತ. ನಿನ್ನ ಟೌ ಹುಟ್ಟಿದ ಮೂರನೇ ದಿನ ನಿನ್ನ ಅಮ್ಮ ಬಾಗಿಲಲ್ಲಿ ನಿಂತು ಅವನ ಆತ್ಮವನ್ನು ಕರೆದದ್ದು, ನಿಮ್ಮವರೆಲ್ಲ ಸಾಲಾಗಿ ಬಂದು ಅವನ ಕೈಗೆ ಬಿಳಿ ದಾರ ಕಟ್ಟಿದ್ದು, ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ಆ ದಿನ ನನಗೆ ಎಷ್ಟು ಹೊಟ್ಟೆಕಿಚ್ಚಾಯಿತು ಅಂತ ನಿನಗೆ ಹೇಳಿರಲಿಲ್ಲ. ನಿಮ್ಮಲ್ಲಿ ಮಗು ಬಂದರೆ ಕರೆಯುವವರಿಗೆ ಯಾವ ಮಾತಿನಲ್ಲಿ ಕರೆಯಬೇಕು ಅನ್ನುವುದು ಗೊತ್ತು. ನಮ್ಮಲ್ಲಿ ಒಂದು ರೊಟ್ಟಿ, ಒಂದು ಮೀನು, ಒಂದು ಪ್ರಾರ್ಥನೆ. ಅಷ್ಟು ಸಣ್ಣ ಗಂಟು, ಅದಕ್ಕೇ ಅಷ್ಟು ಬಿಗಿಯಾಗಿ ಹಿಡಿಯುತ್ತೇವೆ.

ಮಂಪರಿನಲ್ಲಿ ನನಗೆ ಲೆನಾ ಕಾಣುತ್ತಾಳೆ. ಕುದುರೆಗಾಡಿ, ಜೂನ್ ತಿಂಗಳ ಜೋಳದ ಹೊಲ, ಮಡಿಲಲ್ಲಿ ನಾಲ್ಕು ತಿಂಗಳ ಮಗು. ತುಟಿ ಬಿಗಿ ಹಿಡಿದಿದ್ದಾಳೆ. ಗಾಡಿ ಮುಂದೆ ಹೋಗುತ್ತಲೇ ಇರುತ್ತದೆ, ಊರು ಬರುವುದೇ ಇಲ್ಲ, ಹೊಲ ನಿಧಾನವಾಗಿ ಹಿಮವಾಗುತ್ತದೆ. ನಾನು ಪಕ್ಕದಲ್ಲಿ ನಡೆಯುತ್ತಾ, ಮಾತಾಡಜ್ಜೀ, ಯಾರೂ ಇಲ್ಲ ಇಲ್ಲಿ, ಅನ್ನುತ್ತೇನೆ. ಅವಳು ನನ್ನನ್ನು ನೋಡುತ್ತಾಳೆ, ನನ್ನ ಕಣ್ಣೇ ನನ್ನನ್ನು ನೋಡಿದ ಹಾಗಿರುತ್ತದೆ. ಎಚ್ಚರವಾದಾಗ ದಿಂಬು ಒದ್ದೆ.

ಯಂತ್ರ ನಿಂತಿತು. ಮಗು ಎದ್ದಿದೆ. ಮತ್ತೆ ಬರೆಯುತ್ತೇನೆ.

ಡಿಸೆಂಬರ್ 3, ಮಂಗಳವಾರ

ಪಾಕೂ, ಮೂರು ದಿನ ಇದನ್ನು ಮೇಜಿನ ಖಾನೆಯಲ್ಲಿ ಇಟ್ಟಿದ್ದೆ. ಒಳ್ಳೆಯದೇ ಆಯಿತು, ಕಥೆಯೇ ಬದಲಾಗಿದೆ.

ಇವತ್ತು ನೆಲಮಾಳಿಗೆಗೆ ಹೋಗುವಾಗ ನಾನು ಸೆಲ್ಮರ್ ಮೇಷ್ಟ್ರಿಗೆ ಹೇಳುವ ಮಾತನ್ನು ದಾರಿಯುದ್ದಕ್ಕೂ ಉರು ಹೊಡೆದಿದ್ದೆ: ಮರ ಬೇಡ, ಈ ಮಗುವಿಗೆ ಮರವೇ ಬೇಡ. ತೋರಾ ಅಜ್ಜಿ ಮೊದಲೇ ಬಂದು ತಮ್ಮ ಜಾಗದಲ್ಲಿ, ಮೇಜಿನ ತುದಿಯಲ್ಲಿ, ಅಂಗಿಯ ತೋಳು ಮಡಚಿ ಲಟ್ಟಿಸುತ್ತಾ ನಿಂತಿದ್ದರು. ನಾನು ಕೋಟು ಬಿಚ್ಚುವಷ್ಟರಲ್ಲಿ, ಲಟ್ಟಿಸುವುದನ್ನು ನಿಲ್ಲಿಸದೆಯೇ, ಸಂತೆಯ ಸುದ್ದಿ ಹೇಳುವ ದನಿಯಲ್ಲಿ ಶುರುಮಾಡಿಬಿಟ್ಟರು.

"ಆರ್ಡಿಸ್, ನ್ಯಾನ್ಸಿ, ಎಲ್ರೂ ಕೇಳಿ. ಆಮೇಲೆ ನನ್ನ ಹಿಂದೆ ಪಿಸುಗುಟ್ಕೋಬೇಡಿ. ನಮ್ಮಪ್ಪ ಅಮ್ಮ ನಾರ್ವೆಯೋರಲ್ಲ. ಜರ್ಮನ್ನರು. ಹದಿನೆಂಟನೇ ಇಸವೀಲಿ ಹೆದರ್ಕೊಂಡು ಹೆಸರು ಬದಲಾಯ್ಸಿದ್ರು. ಗುನ್‌ಹಿಲ್ಡ್ ಲೂಂಡೆ ಅನ್ನೋ ಪುಣ್ಯಾತ್ಗಿತ್ತಿ ತನ್ನ ಹೆಸರು ಕೊಟ್ಲು. ನಂಗೆ ಐವತ್ತು ವರ್ಷದಿಂದ ಗೊತ್ತು, ನಿಮಗೆ ಹೇಳಿರ್ಲಿಲ್ಲ. ಮುಗೀತು. ಆ ಹಿಟ್ಟು ಇತ್ಲಾಗ್ ತಳ್ಳಿ."

ಯಾರೂ ಹಿಟ್ಟು ತಳ್ಳಲಿಲ್ಲ. ಹೆಂಚಿನ ಮೇಲೆ ಒಂದು ರೊಟ್ಟಿ ಸೀದ ವಾಸನೆ ಬಂತು. ಹಬೆಯೊಳಗೆ ಹತ್ತು ಹನ್ನೆರಡು ಮುಖ ಅಜ್ಜಿಯ ಕಡೆ ತಿರುಗಿದವು. ನಾನು ಮಗುವಿನ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.

ಆರ್ಡಿಸ್ ಕೋಲಿನಿಂದ ಸೀದ ರೊಟ್ಟಿ ಎತ್ತಿ ಪಕ್ಕಕ್ಕೆ ಹಾಕಿದರು. ಕೈ ಒರೆಸಿಕೊಂಡರು. "ನಾನು ಹೇಳ್ತಾನೇ ಇದ್ದೆ" ಅಂದರು.

"ಏನಂತ?"

"ನಿನ್ನ ರೊಟ್ಟಿ ಒಂದು ಕೂದಲೆಳೆ ದಪ್ಪ ಅಂತ. ಎಪ್ಪತ್ತು ವರ್ಷದಿಂದ ಹೇಳ್ತಿದೀನಿ. ಈಗ ಕಾರಣ ಗೊತ್ತಾಯ್ತು."

"ನಂಗೆ ಲಟ್ಟಿಸೋದು ಕಲಿಸ್ದೋಳು ನಿಮ್ಮಮ್ಮ ಕಣೇ."

"ನಮ್ಮಮ್ಮನ ಸುದ್ದಿಗೆ ಬರ್ಬೇಡ."

ಆಗ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನ್ಯಾನ್ಸಿ, ತನ್ನ ಗಂಡನ ಅಜ್ಜನ ಬಾಗಿಲಿಗೂ ಹಳದಿ ಬಳಿದಿದ್ದರಂತೆ, ಮನೆಯಲ್ಲಿ ಆ ಮಾತು ಎತ್ತುವ ಹಾಗಿಲ್ಲ ಅಂದಳು. ಇನ್ನೊಬ್ಬರು ತಮ್ಮ ಅಜ್ಜಿ ಅರ್ಧ ಫಿನ್ನಿಷ್ ಅಂತ ಪಾಪ ನಿವೇದನೆ ಮಾಡುವ ಹಾಗೆ ಒಪ್ಪಿಕೊಂಡರು. ಆರ್ಡಿಸ್ ಹೋಗಿ ತೋರಾ ಅಜ್ಜಿಯ ಪಕ್ಕ ನಿಂತು, ಅವರ ಮುಂದಿದ್ದ ಉಂಡೆ ತೆಗೆದುಕೊಂಡು ಲಟ್ಟಿಸತೊಡಗಿದರು.

ಆಮೇಲೆ ಅಜ್ಜಿಯೇ ಸೆಲ್ಮರ್ ಮೇಷ್ಟ್ರನ್ನು ಕರೆದು ಹೇಳಿದರು. "ಡ್ರೆಶರ್ ಅಂತ ಬರಿ. ಗುನ್‌ಹಿಲ್ಡ್‌ನೂ ಬರಿ, ಅದೇ ಎತ್ತರದಲ್ಲಿ. ಹೆತ್ತೋಳು ಒಬ್ಳು, ಉಳಿಸ್ದೋಳು ಒಬ್ಳು. ಎರಡು ಬೇರಿದ್ರೆ ಮರ ಬೀಳಲ್ಲ." ನಾನು ಹೊರಗೆ ಬರುವಾಗ, ಯಾಕಜ್ಜಿ ಮನಸ್ಸು ಬದಲಾಯಿತು ಅಂತ ಕೇಳಿದೆ. "ನಾಲ್ಕು ದಿನದಿಂದ ನಿನ್ನ ಮುಖ ನೋಡ್ತಿದೀನಿ" ಅಂದರು. "ನಮ್ಮಮ್ಮನ ಮುಖ ಅದು. ತುಟಿ ಬಿಗಿ ಹಿಡ್ದಿರೋ ಮುಖ. ಸಾಕು ಕಣೇ, ಒಬ್ಳು ಹಿಡ್ದಿದ್ದು ಸಾಕು."

ನೋಡು, ಎಲ್ಲ ಎಷ್ಟು ಸುಲಭವಾಗಿ ಸರಿಹೋಯಿತು. ನೂರು ವರ್ಷ ಹೊತ್ತದ್ದನ್ನು ಇಳಿಸಲು ಒಂದು ರೊಟ್ಟಿ ಸೀಯುವಷ್ಟು ಹೊತ್ತು. ಡ್ಯಾನಿಯಲ್‌ಗೆ ಹೇಳಿದರೆ, "ಹಾಗಾದ್ರೆ ನೀನೂ ನನ್ನ ಹಾಗೆ ಚಿಲ್ಲರೆಯೇ, ಹದಿನಾರಾಣೆ ಅಲ್ಲ" ಅಂದು ಅಡುಗೆಮನೆಯಲ್ಲಿ ಕುಣಿದ.

ಭಾನುವಾರ ಹತ್ತು ಗಂಟೆಗೆ ಚರ್ಚು, ಆಮೇಲೆ ಊಟ. ಮೀನು ಇರುತ್ತದೆ, ನಿನ್ನ ತಟ್ಟೆಗೆ ಬೀಳದ ಹಾಗೆ ನಾನು ನೋಡಿಕೊಳ್ಳುತ್ತೇನೆ. ನಿನ್ನ ಅಮ್ಮನಿಗೆ ಪ್ರಯಾಣ ಆಗುವುದಾದರೆ ಕರೆದುಕೊಂಡು ಬಾ. ಟೌಗೆ ನನ್ನ ಮುತ್ತು. ನಿನ್ನ ಮಕ್ಕಳು ಕೇಳಿದವರಿಗೂ ಕೇಳದವರಿಗೂ ತಲೆಯೆತ್ತಿ ಉತ್ತರ ಹೇಳುವಂತಾಗಲಿ, ನಿನಗೆ ಕಣ್ಣು ತುಂಬ ನಿದ್ದೆ ಬರಲಿ.

ಇತಿ ನಿನ್ನ,
ಮಾರಿಟ್

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ.

ಈ ಕಾಗದವನ್ನು ಈಗ ಮೊದಲಿಂದ ಓದಿದೆ. ನೂರು ವರ್ಷದ ಹಿಂದಿನವರ ಹೆಸರೆಲ್ಲ ಇದೆ. ಅವಳ ಹೆಸರು ಮಾತ್ರ ಎಲ್ಲೂ ಇಲ್ಲ. ಮಗು, ಮಗು ಅಂತಲೇ ಬರೆದಿದ್ದೇನೆ. ಬಾಯಲ್ಲೂ ಹಾಗೇ. ಏಳು ವಾರವಾಯಿತು, ಆ ಹೆಸರು ಹಿಡಿದು ನಾನು ಅವಳನ್ನು ಒಮ್ಮೆಯೂ ಕರೆದಿಲ್ಲ. ಡ್ಯಾನಿಯಲ್‌ಗೆ ಇನ್ನೂ ಗೊತ್ತಾಗಿಲ್ಲ. ಆಸ್ಪತ್ರೆಯಲ್ಲಿ ಅವಳನ್ನು ನನ್ನ ಎದೆಯ ಮೇಲೆ ಇಟ್ಟಾಗ, ಯಾರೋ ಗೊತ್ತಿಲ್ಲದ ಹೆಂಗಸು ಈಗ ಬರ್ತೀನಿ ಅಂತ ಹೇಳಿ ತನ್ನ ಮಗುವನ್ನು ನನ್ನ ಕೈಗೆ ಕೊಟ್ಟು ಹೋದ ಹಾಗೆ ಅನ್ನಿಸಿತು. ಬೀಳಿಸಬಾರದು, ಅಳಿಸಬಾರದು, ಆ ಹೆಂಗಸು ಬರುವವರೆಗೆ ಜೋಪಾನ ಮಾಡಬೇಕು ಅಂತ. ಅವಳಿನ್ನೂ ಬಂದಿಲ್ಲ. ನಾನು ಜೋಪಾನ ಮಾಡುತ್ತಲೇ ಇದ್ದೇನೆ.

ಲೆನಾಗಾಗಿ ಅಳು ಬರುತ್ತದೆ, ಪಾಕೂ. ಮುಖವೇ ನೋಡದ ಗುನ್‌ಹಿಲ್ಡ್‌ಗಾಗಿ ಬರುತ್ತದೆ. ತೊಟ್ಟಿಲಿನ ಮುಂದೆ ನಿಂತರೆ ಏನೂ ಬರುವುದಿಲ್ಲ, ಬರೀ ಹೆದರಿಕೆ. ಡಾಕ್ಟರಿಗೆ ಹೇಳಬೇಕು, ಗೊತ್ತು. ನಿನ್ನೆದುರು ಒಮ್ಮೆ ಹೇಳಿದರೆ ಅವರಿಗೂ ಹೇಳಬಲ್ಲೆ.

ಭಾನುವಾರದವರೆಗೆ ಕಾಯಬೇಡ. ಇದು ಕೈ ಸೇರಿದ ದಿನವೇ ಹೊರಡು. ಏನೂ ತರಬೇಡ. ಬಂದು ಅವಳನ್ನು ಎತ್ತಿಕೋ, ನನ್ನೆದುರಿಗೇ ಅವಳನ್ನು ಹೆಸರು ಹಿಡಿದು ಕರಿ. ಹೇಗೆ ಕರೆಯುತ್ತಾರೆ ಅಂತ ನಾನು ನೋಡಬೇಕು.